ಹದಿನಾರು ಸಾಲಿನೊಳಗೆ ಕನ್ನಡ: ಡಿಜಿಟಲ್ ಫಲಕಗಳು ಮತ್ತು ಬೋರ್ಡು ಬರೆಯುವ ಕಸುಬು

ಅಂಗಡಿಯ ನೆತ್ತಿಯ ಮೇಲಿನ ಹೆಸರು, ಬಸ್ಸಿನ ಮುಂಗನ್ನಡಿಗೆ ಒರಗಿಸಿದ ಊರಿನ ಹಲಗೆ, ಚಿತ್ರಮಂದಿರದ ಬ್ಯಾನರು, ಲಾರಿಯ ಬೆನ್ನಿನ ಬರಹ, ಚುನಾವಣೆಯ ಗೋಡೆಬರಹ, ವಾಹನದ ನಂಬರ್ ಪ್ಲೇಟು, ಇವೆಲ್ಲವೂ ಸುಮಾರು ಮೂರು ದಶಕಗಳ ಹಿಂದಿನವರೆಗೆ ಕರ್ನಾಟಕದ ಸಣ್ಣ ಊರುಗಳಲ್ಲಿ ಒಬ್ಬನೇ ಕಸುಬುದಾರನ ಕೈಯಿಂದ ಹೊರಡುತ್ತಿದ್ದವು. ಊರಿನ ಬಾಯಲ್ಲಿ ಅವನು 'ಪೇಂಟರ್', ಇಲ್ಲವೇ 'ಬೋರ್ಡು ಬರೆಯುವವನು'. ಅವನ ಅಂಗಡಿಯ ಹೆಸರಿನ ಕೊನೆಯಲ್ಲಿ 'ಆರ್ಟ್ಸ್' ಎಂಬ ಪದ ಹೆಚ್ಚುಕಡಿಮೆ ಕಡ್ಡಾಯವೆಂಬಂತೆ ಇರುತ್ತಿತ್ತು. ಇಂದು ಅದೇ ಕೆಲಸಗಳು ಫ್ಲೆಕ್ಸ್ ಮುದ್ರಕರು, ಸ್ಟಿಕ್ಕರ್ ಕತ್ತರಿಸುವವರು, ಅಕ್ರಿಲಿಕ್ ಕೊರೆಯುವವರು, ಎಲ್‌ಇಡಿ ಜೋಡಿಸುವವರು, ನಂಬರ್ ಪ್ಲೇಟಿನ ಗುತ್ತಿಗೆ ಕಂಪನಿಗಳು ಎಂದು ಹಲವರ ನಡುವೆ ಹಂಚಿಹೋಗಿವೆ, ಮತ್ತು ಆ ಹಲವರಲ್ಲಿ ಬಹುಪಾಲು ಜನರಿಗೆ ಕುಂಚ ಹಿಡಿದು ಒಂದು ಅಕ್ಷರ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಎಲ್‌ಇಡಿ ಬಂತು, ಕುಂಚ ಹೋಯಿತು ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ, ಆದರೆ ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. ಪೇಂಟರನ ಅನ್ನ ಕಿತ್ತುಕೊಂಡದ್ದು ಫ್ಲೆಕ್ಸ್, ಮತ್ತು ಆ ಕೆಲಸವನ್ನು ಅದು ಮುಗಿಸಿದ ಎಷ್ಟೋ ವರ್ಷಗಳ ಮೇಲೆ ಡಿಜಿಟಲ್ ಫಲಕ ಪೇಟೆಬೀದಿಗೆ ಇಳಿಯಿತು. ಅದು ಈಗ ಪೈಪೋಟಿಗೆ ನಿಂತಿರುವುದು ಫ್ಲೆಕ್ಸಿನ ಜೊತೆ, ನಿಯಾನಿನ ಜೊತೆ. ಈ ಸರಣಿಯಲ್ಲಿ ಯಾವ ಉಪಕರಣ ಯಾವುದನ್ನು ಸೋಲಿಸಿತು ಎಂಬುದಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದ ಸಂಗತಿ ಬೇರೆಯದೇ ಇದೆ: ಉಪಕರಣ ಬದಲಾದಾಗಲೆಲ್ಲ, ಅಕ್ಷರ ಹೇಗಿರಬೇಕೆಂಬ ತೀರ್ಮಾನ ಬೋರ್ಡು ನಿಲ್ಲುವ ಬೀದಿಯಿಂದ ಮತ್ತಷ್ಟು ದೂರಕ್ಕೆ ಸರಿದಿದೆ. ಕನ್ನಡದಂಥ ಲಿಪಿಗೆ ಈ ದೂರ ದುಬಾರಿಯಾಗುತ್ತದೆ.

ಅದು ಹೇಗೆಂದು ತಿಳಿಯಲು ಕೈಬರಹದ ಬೋರ್ಡು ಸಿದ್ಧವಾಗುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್' ಎಂಬ, ಯಾವ ಊರಿನಲ್ಲಾದರೂ ಇರಬಹುದಾದ ಹೆಸರನ್ನೇ ತೆಗೆದುಕೊಳ್ಳಬಹುದು. ತಗಡಿಗೆ ಮೊದಲು ತುಕ್ಕು ತಡೆಯುವ ಪ್ರೈಮರು ಬಳಿದು, ಒಣಗಿದ ಮೇಲೆ ಎರಡು ಕೈ ಎನಾಮಲ್ ಬಣ್ಣ ಹೊಡೆದು, ಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು ನಡುವೆ ಎಳೆದು ಬಿಟ್ಟರೆ ಒಂದು ನೇರ ಗೆರೆ ಮೂಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಇಂಥ ಎರಡು ಗೆರೆ ಸಾಕು, ಕನ್ನಡಕ್ಕೆ ನಾಲ್ಕು ಬೇಕು: ಗುಡಿಸು ಮತ್ತು ಏತ್ವಗಳ ತುದಿಗೆ ಒಂದು, ತಲೆಕಟ್ಟಿಗೆ ಒಂದು, ಅಕ್ಷರದ ಪಾದಕ್ಕೆ ಒಂದು, ಪಾದದ ಕೆಳಗೆ ತೂಗುವ ಒತ್ತಕ್ಷರಕ್ಕೆ ಇನ್ನೊಂದು. ಅಕ್ಷರಗಳನ್ನು ಎಣಿಸುವಾಗಲೂ ಲೆಕ್ಕ ಸಮವಲ್ಲ, ಏಕೆಂದರೆ ರಕಾರ ಕಡಿಮೆ ಜಾಗದಲ್ಲಿ ಕುಳಿತುಕೊಂಡರೆ ಮಕಾರ, ಯಕಾರಗಳು ಒಂದೂವರೆ ಪಾಲು ಕೇಳುತ್ತವೆ. ಅನುಭವಿ ಪೇಂಟರು ತುದಿಗೆ ಬಟ್ಟೆಯುಂಡೆ ಕಟ್ಟಿದ ಕೋಲನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಬಲಗೈಯ ಮಣಿಕಟ್ಟನ್ನು ಊರಿ ಬರೆಯುತ್ತಿದ್ದ; ಕ್ಷಕಾರದ ಕೆಳಗಿನ ಮ-ಒತ್ತಿಗೆ ಜಾಗ ಇಕ್ಕಟ್ಟಾದರೆ ಅದನ್ನು ಪಕ್ಕದ ಅಕ್ಷರದ ಅಡಿಯ ಖಾಲಿ ಜಾಗಕ್ಕೆ ಒಂದಿಷ್ಟು ಚಾಚಿಬಿಡುತ್ತಿದ್ದ, 'ಸ್ಟೋರ್ಸ್' ಪದದಲ್ಲಿ ಅಗಲ ಸಾಲದಿದ್ದರೆ ರೇಫವನ್ನು ಪಕ್ಕಕ್ಕೆ ಬರುವ ಅರ್ಕಾವೊತ್ತಿನಿಂದ ತಪ್ಪಿಸಿ, ಪೂರ್ತಿ ರಕಾರ ಬರೆದು ಅದರ ಕೆಳಗೆ ಸಕಾರದ ಒತ್ತು ಇಳಿಸುತ್ತಿದ್ದ. ತಪ್ಪಾದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೈಯಳತೆಯಲ್ಲೇ ಇರುತ್ತಿತ್ತು. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಅವನು ದೋಷವಿಲ್ಲದವನೇನೂ ಆಗಿರಲಿಲ್ಲ, ಆದರೆ ಈ ಪದ ಈ ಹಲಗೆಯ ಮೇಲೆ ಹೇಗೆ ಕೂರಬೇಕೆಂಬ ತೀರ್ಮಾನ ಅಲ್ಲಿಯೇ, ಆ ಏಣಿಯ ಮೇಲೆಯೇ ಆಗುತ್ತಿತ್ತು.

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಆಳೆತ್ತರಕ್ಕೂ ಹತ್ತಾರು ಪಾಲು ಹೆಚ್ಚಿನ ಕಟೌಟುಗಳು ಇದೇ ಕಸುಬಿನ ಶ್ರೀಮಂತ ಶಾಖೆ. ಒಂದು ಸಣ್ಣ ಛಾಯಾಚಿತ್ರದ ಮೇಲೆ ಚೌಕಗಳ ಜಾಲ ಎಳೆದು, ಅದೇ ಜಾಲವನ್ನು ದೊಡ್ಡ ಹಲಗೆಗಳ ಮೇಲೆ ಹಿಗ್ಗಿಸಿ, ಚೌಕಕ್ಕೆ ಚೌಕ ಹೊಂದಿಸಿ ಮುಖ ಬರೆಯುವ ಆ ವಿಧಾನಕ್ಕೂ ಇಂದಿನ ಪಿಕ್ಸೆಲ್ ಎಂಬ ಕಲ್ಪನೆಗೂ ಇರುವ ನೆಂಟಸ್ತಿಕೆ ಸ್ವಾರಸ್ಯದ್ದು. ಎರಡರಲ್ಲೂ ಚಿತ್ರ ಚೌಕಗಳಾಗಿ ಒಡೆಯುತ್ತದೆ, ಆದರೆ ಕಟೌಟಿನ ಚೌಕದೊಳಗೆ ಕಲಾವಿದನ ಕೈ ಆಡಬಹುದಿತ್ತು, ಪಿಕ್ಸೆಲಿನೊಳಗೆ ಯಾರ ಕೈಯೂ ಆಡದು.

ಮೊದಲ ಪೆಟ್ಟು ಬಿದ್ದದ್ದು ಅಕ್ಷರ ಕತ್ತರಿಸುವ ಯಂತ್ರದಿಂದ. 1980ರ ದಶಕದ ಆರಂಭದಲ್ಲಿ ಅಮೆರಿಕದ ಗರ್ಬರ್ ಕಂಪನಿ ಬೋರ್ಡು ತಯಾರಕರಿಗಾಗಿಯೇ ತಂದ ಯಂತ್ರ, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ವಿನೈಲ್ ಎಂಬ ಅಂಟುಹಾಳೆಯಲ್ಲಿ ಬ್ಲೇಡಿನಿಂದ ಕೊರೆದು ಕೊಡುತ್ತಿತ್ತು. ಭಾರತದಲ್ಲಿ 'ಸ್ಟಿಕ್ಕರ್ ಕಟಿಂಗ್' ಎಂದು ಹೆಸರಾದ ಕಸುಬಿನ ಮೂಲ ಇದು. ಎರಡನೆಯದು, ಮತ್ತು ನಿಜವಾದ ಪೆಟ್ಟು, ಫ್ಲೆಕ್ಸಿನದು. ಪಾಲಿಯೆಸ್ಟರ್ ಎಳೆಗಳ ಬಟ್ಟೆಗೆ ಪಿವಿಸಿ ಪ್ಲಾಸ್ಟಿಕ್ ಲೇಪಿಸಿದ ಈ ಹಾಳೆಯ ಮೇಲೆ ದೊಡ್ಡ ಇಂಕ್‌ಜೆಟ್ ಯಂತ್ರ ಚದರಡಿಗಳ ಲೆಕ್ಕದಲ್ಲಿ ಚಿತ್ರ, ಅಕ್ಷರ ಎರಡನ್ನೂ ಒಟ್ಟಿಗೆ ಉಗುಳುತ್ತದೆ. ಪೇಂಟರು ಎರಡು ಮೂರು ದಿನ ತೆಗೆದುಕೊಳ್ಳುತ್ತಿದ್ದ ಕೆಲಸ ಗಂಟೆಯೊಳಗೆ ಮುಗಿಯಿತು. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ರಾಜಕೀಯ ಸ್ವಾಗತ ಎಲ್ಲಕ್ಕೂ ಫ್ಲೆಕ್ಸ್ ಬಂತು, ಹೀಗೆ ಹಿಂದೆ ಬೋರ್ಡೇ ಬೇಕಿರದ ಸಂದರ್ಭಗಳಿಗೂ ಬೋರ್ಡು ಬಂತು. ಅಕ್ಷರದ ತೀರ್ಮಾನ ಏಣಿಯಿಂದ ಇಳಿದು ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಹೋದದ್ದು ಆಗ. ಚಿತ್ರ ವಿನ್ಯಾಸದ ತಂತ್ರಾಂಶಗಳು ಬಹುಕಾಲ ಯೂನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತಗಳ ಕನ್ನಡವನ್ನು, ಸರಿಯಾಗಿ ಜೋಡಿಸಲಾರದೆ ಇದ್ದುದರಿಂದ, ಅಂಗಡಿಗಳು ನುಡಿ, ಬರಹಗಳಂಥ ತಂತ್ರಾಂಶಗಳ ಹಳೆಯ ಫಾಂಟುಗಳನ್ನೇ ಹಿಡಿದುಕೊಂಡವು. ಒಂದು ಸಂಕೇತದಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು ಕಳೆದುಹೋಗುವುದು, ಒತ್ತು ಬೇರೆ ಅಕ್ಷರದ ಕೆಳಗೆ ಹೋಗಿ ಕೂರುವುದು ಆ ಕಾಲದ ಫ್ಲೆಕ್ಸುಗಳನ್ನು ನೋಡಿದ ಎಲ್ಲರಿಗೂ ಪರಿಚಿತ. ಸೀಮೆಎಣ್ಣೆಯ ಬಟ್ಟೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನಂಬರ್ ಪ್ಲೇಟಿನ ಕಥೆ ಚಿಕ್ಕದು, ಆದರೆ ನಿರ್ಣಾಯಕ. 2019ರ ಏಪ್ರಿಲ್ 1ರಿಂದ ದೇಶದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಉಬ್ಬಚ್ಚಿನ ಅಂಕಿ, ಅಶೋಕ ಚಕ್ರದ ಹೊಲೊಗ್ರಾಂ ಮತ್ತು ಲೇಸರಿನಲ್ಲಿ ಕೆತ್ತಿದ ಗುರುತುಸಂಖ್ಯೆ ಇರುವ ಅಲ್ಯೂಮಿನಿಯಂ ಫಲಕ, ಕಡ್ಡಾಯವಾಯಿತು; ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳಿಗೂ ಅದನ್ನು ವಿಧಿಸಿ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿತು. ರಸ್ತೆಬದಿಯ ಪೇಂಟರಿಗೂ ಸ್ಟಿಕ್ಕರಿನವನಿಗೂ ದಿನಗೂಲಿಯ ಭದ್ರತೆಯಂತಿದ್ದ ಒಂದು ಕೆಲಸ ಹೀಗೆ ಯಾವ ಪರದೆಯ ಪೈಪೋಟಿಯೂ ಇಲ್ಲದೆ, ಒಂದು ಅಧಿಸೂಚನೆಯಿಂದಲೇ ಕೈತಪ್ಪಿತು. ನಿಯಮಕ್ಕೆ ಹೊರಗಿದ್ದರೂ ಅಭಿಮಾನಕ್ಕೆ ಬರೆಸುತ್ತಿದ್ದ ಕನ್ನಡ ಅಂಕಿಗಳ ಪ್ಲೇಟುಗಳೂ ಅದರೊಂದಿಗೆ ವಿರಳವಾದವು.

ಬೆಳಕಿನ ಬೋರ್ಡಿನ ಇತಿಹಾಸ ಬೇರೆ ದಾರಿಯಲ್ಲಿ ಸಾಗಿ ಬಂದು ಇಲ್ಲಿ ಕೂಡಿಕೊಳ್ಳುತ್ತದೆ. 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಲಂಡನ್ನಿನಲ್ಲಿ ಕಂಡುಹಿಡಿದ ನಿಯಾನ್ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಹರಿಸಿ, ಕೆಂಗಿತ್ತಳೆ ಬೆಳಕು ಬರಿಸುವ ದೀಪವನ್ನು ಜಾರ್ಜ್ ಕ್ಲಾಡ್ 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ತೋರಿಸಿದ. ನಿಯಾನ್ ಬೋರ್ಡು ತಯಾರಿಸುವವನು ಗಾಜನ್ನು ಜ್ವಾಲೆಯ ಮೇಲೆ ಮೆತ್ತಗಾಗಿಸಿ ಅಕ್ಷರದ ಆಕಾರಕ್ಕೆ ಬಾಗಿಸಬೇಕಿದ್ದುದರಿಂದ ಅದೂ ಕೈಬರಹದ ಕಸುಬೇ. ಹಾಂಗ್‌ಕಾಂಗ್ ಅದರ ಒಂದು ದೊಡ್ಡ ನೆಲೆಯಾಗಿತ್ತು. ಅಲ್ಲಿ ಮೊದಲು ಕುಂಚದಲ್ಲಿ ಬರೆದ ಚೀನೀ ಅಕ್ಷರಗಳ ಮೇಲೆ ಗಾಜು ಬಾಗುತ್ತಿತ್ತು. ಆ ನಗರದಲ್ಲಿ ನಿಯಾನ್ ಕ್ಷೀಣಿಸಿದ್ದಕ್ಕೆ ಅಗ್ಗದ ಎಲ್‌ಇಡಿ ಎಷ್ಟು ಕಾರಣವೋ, ರಸ್ತೆಯ ಮೇಲೆ ಚಾಚಿದ ಅನಧಿಕೃತ ಬೋರ್ಡುಗಳನ್ನು ಕಟ್ಟಡ ಇಲಾಖೆ ತೆರವುಗೊಳಿಸಿದ್ದೂ ಅಷ್ಟೇ ಕಾರಣ, ಮತ್ತು ಕಳಚಿದ ಬೋರ್ಡುಗಳಲ್ಲಿ ಕೆಲವು ಅಲ್ಲಿನ ಎಂ ಪ್ಲಸ್ ವಸ್ತುಸಂಗ್ರಹಾಲಯ ಸೇರಿವೆ. ಲಂಡನ್ನಿನ ಪಿಕಡಿಲಿ ಸರ್ಕಸ್ಸಿನಲ್ಲಿ ಕೊನೆಯ ನಿಯಾನ್ 2011ರಲ್ಲಿ ಇಳಿಯಿತು. 2017ರಲ್ಲಿ ಬೇರೆ ಬೇರೆ ಫಲಕಗಳ ಜಾಗಕ್ಕೆ ಒಂದೇ ದೊಡ್ಡ ಪರದೆ ಬಂದು, ಜಾಗ ಮಾರುತ್ತಿದ್ದ ವ್ಯಾಪಾರ ಹೊತ್ತು ಮಾರುವ ವ್ಯಾಪಾರವಾಯಿತು. ಇತ್ತ ಬೆಂಗಳೂರಿನ ಕಾಫಿ ಅಂಗಡಿಗಳ ಗೋಡೆಯಲ್ಲಿ ಇಂದು 'ನಿಯಾನ್' ಎಂದು ಕರೆಸಿಕೊಳ್ಳುತ್ತಿರುವುದು ಬಹುಮಟ್ಟಿಗೆ ಸಿಲಿಕೋನ್ ಕೊಳವೆಯೊಳಗೆ ಕೂತ ಎಲ್‌ಇಡಿ ಪಟ್ಟಿ. ಅನಿಲ ಹೋದರೂ ಹೆಸರು ಉಳಿದುಕೊಂಡಿದೆ.

ಎಲ್‌ಇಡಿ ಎಂದರೆ ವಿದ್ಯುತ್ ಹರಿದಾಗ ತಾನೇ ಬೆಳಗುವ ಅರೆವಾಹಕದ ಸಣ್ಣ ಚೂರು. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿ ತೋರಿಸಿದ. ಪ್ರಖರವಾದ ನೀಲಿಗೆ ಮೂವತ್ತು ವರ್ಷ ಕಾಯಬೇಕಾಯಿತು, ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಕೆಂಪು, ಹಸಿರು, ನೀಲಿ ಮೂರೂ ಕೂಡಿದರೆ ಬೇಕಾದ ಬಣ್ಣ ಬರುವುದರಿಂದ ದೊಡ್ಡ ಜಾಹೀರಾತು ಪರದೆಗಳು ಸಾಧ್ಯವಾದದ್ದು ಆ ಮೇಲೆಯೇ. ಆದರೆ ಪೇಟೆಬೀದಿಯ ಔಷಧಿ ಅಂಗಡಿ, ಎಟಿಎಂ, ಸಿಹಿತಿಂಡಿ ಮಳಿಗೆಗಳ ಮುಂದೆ ಓಡುವ ಅಕ್ಷರಗಳ ಬೋರ್ಡು ಅದಕ್ಕಿಂತ ಬಹಳ ಸರಳ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಪಿ-ಟೆನ್' ಎಂದು ಕೇಳಿದರೆ ಸಿಗುವ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿ, 5 ವೋಲ್ಟಿನ ವಿದ್ಯುತ್ ಪೂರೈಕೆ ಮತ್ತು ಒಂದು ನಿಯಂತ್ರಕ ಕಾರ್ಡು ಕೊಟ್ಟರೆ ಬೋರ್ಡು ಸಿದ್ಧ. ಪಿ ಎಂದರೆ ಪಿಚ್, ಅಂದರೆ ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವಿನ ಅಂತರ. ಟೆನ್ ಎಂದರೆ ಆ ಅಂತರ 10 ಮಿಲಿಮೀಟರ್. ಒಂದು ಬಿಲ್ಲೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ಚುಕ್ಕಿಗಳು. ಎಲ್ಲ ಸಾಲುಗಳೂ ಒಮ್ಮೆಲೇ ಉರಿಯುವುದಿಲ್ಲ, ಸರದಿಯಂತೆ ಉರಿದು ಆರುತ್ತವೆ. ಆ ವೇಗಕ್ಕೆ ಕಣ್ಣು ಮೋಸಹೋಗುತ್ತದೆ, ಮೊಬೈಲಿನ ಕ್ಯಾಮೆರಾ ಮಾತ್ರ ಮೋಸಹೋಗದೆ ಕಪ್ಪು ಪಟ್ಟಿಗಳನ್ನು ತೋರಿಸಿಬಿಡುತ್ತದೆ.

ಈ ಹದಿನಾರು ಎಂಬ ಸಂಖ್ಯೆಯೇ ಕನ್ನಡದ ಮಟ್ಟಿಗೆ ಪ್ರಶ್ನೆಯ ಗಂಟು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಐದು ಅಡ್ಡ, ಏಳು ಉದ್ದದ ಚುಕ್ಕಿಗಳು ಸಾಕು. ಹದಿನಾರು ಸಾಲಿನಲ್ಲಿ ಅದನ್ನು ಎರಡು ಸಾಲಾಗಿಯೂ ಓಡಿಸಬಹುದು. ಪೇಂಟರನ ನಾಲ್ಕು ಗೆರೆಗಳನ್ನು ಇದೇ ಹದಿನಾರರಲ್ಲಿ ಹಂಚಿದರೆ ಗುಡಿಸಿಗೆ ಮೂರು, ಅಕ್ಷರದ ಮೈಗೆ ಎಂಟು, ಒತ್ತಿಗೆ ಐದು ಸಾಲು ಸಿಗುತ್ತದೆ. ಎಂಟು ಸಾಲಿನಲ್ಲಿ ಷಕಾರದ ಒಳಗಿನ ಗೆರೆಯನ್ನೂ ಮಕಾರದ ಸುಳಿಯನ್ನೂ ತೋರಿಸಬೇಕು, ಐದು ಸಾಲಿನಲ್ಲಿ ಒಂದು ಪೂರ್ತಿ ಒತ್ತಕ್ಷರ ನಿಲ್ಲಬೇಕು. 'ಲಕ್ಷ್ಮೀ' ಎಂಬ ಪದ ಆ ಇಕ್ಕಟ್ಟಿನಲ್ಲಿ ಒಂದು ಕೆಂಪು ಮುದ್ದೆಯಾಗುತ್ತದೆ. ಶಾಲೆಯ ಮೇಷ್ಟ್ರು 'ಹೊಟ್ಟೆ ಸೀಳು' ಎಂದು ಹೇಳಿಕೊಡುತ್ತಿದ್ದ ಮಹಾಪ್ರಾಣದ ಸೀಳು ಇಲ್ಲಿ ಒಂದೋ ಎರಡೋ ಚುಕ್ಕಿಗಳ ಮಾತು, ಆ ಚುಕ್ಕಿ ಕೆಟ್ಟರೆ 'ಧನ'ವೆಂಬುದು 'ದನ'ವಾಗಲು ಇನ್ನೇನೂ ಬೇಕಿಲ್ಲ. ಓಡುವ ಬೋರ್ಡಿನಲ್ಲಿ ಅಗಲ ಎಷ್ಟು ಬೇಕಾದರೂ ಪುಕ್ಕಟೆ ಸಿಗುತ್ತದೆ, ಎತ್ತರ ಮಾತ್ರ ಗಟ್ಟಿಯಾಗಿ ನಿಗದಿಯಾಗಿದೆ. ಕನ್ನಡ ಕೇಳುವುದು ಎತ್ತರವನ್ನೇ. ಲಿಪಿಯಲ್ಲಿ ಈ ಬೋರ್ಡಿಗೆ ಹೊಂದುವ ಒಂದು ವ್ಯವಸ್ಥೆಯೂ ಇದೆ ಎನ್ನುವುದು ಬೇರೆ ಮಾತು: ಅರ್ಕಾವೊತ್ತು ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುವುದರಿಂದ 'ಮಾರ್ಗ', 'ಕಾರ್ಯ'ಗಳಂಥ ಪದಗಳು ಹದಿನಾರು ಸಾಲಿನಲ್ಲೂ ನಿರಾಯಾಸವಾಗಿ ಓಡುತ್ತವೆ. ತಗಡಿನ ಮೇಲೆ ಪೇಂಟರು ಅಗಲ ಉಳಿಸಲು ಬಿಟ್ಟುಕೊಟ್ಟದ್ದನ್ನು ಈ ಬೋರ್ಡು ಎತ್ತರ ಉಳಿಸಲು ಮರಳಿ ಹಿಡಿಯುತ್ತದೆ.

ಬಸ್ಸುಗಳ ಮುಂಭಾಗದ ಡಿಜಿಟಲ್ ಮಾರ್ಗಫಲಕಗಳಲ್ಲೂ ಇದೇ ತೊಡಕು ಕಾಣುತ್ತದೆ, ಅದರ ಜೊತೆಗೆ ಮಧ್ಯಾಹ್ನದ ಬಿಸಿಲು ಮತ್ತು ಧೂಳು. ಹಿಂದೆ ಒಂದು ಬಸ್ಸಿಗೆ ನಾಲ್ಕಾರು ತಗಡಿನ ಹಲಗೆಗಳಿದ್ದು, ನಿರ್ವಾಹಕ ಮಾರ್ಗಕ್ಕೆ ತಕ್ಕಂತೆ ಬದಲಿಸುತ್ತಿದ್ದ. ಹಲಗೆ ಮಾಸಿದರೆ ಡಿಪೋದ ಪೇಂಟರು ಮತ್ತೆ ಬರೆಯುತ್ತಿದ್ದ. ಎಲ್‌ಇಡಿಯ ಒಂದು ಕಂಬಸಾಲು ಸತ್ತರೆ ಊರಿನ ಹೆಸರಿನ ಅರ್ಧ ಅಕ್ಷರ ನಾಪತ್ತೆಯಾಗುತ್ತದೆ, ಆಗ ಗಾಜಿನ ಹಿಂದೆ ರಟ್ಟಿನ ಮೇಲೆ ಕೈಯಲ್ಲಿ ಬರೆದ ಊರಿನ ಹೆಸರು ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಆ ರಟ್ಟು ಬರೆದವನು ಪೇಂಟರಲ್ಲ, ನಿರ್ವಾಹಕನೇ.

ಕಸುಬಿನ ಏಳುಬೀಳುಗಳಲ್ಲಿ ತಂತ್ರಜ್ಞಾನದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೈಯಾಡಿಸಿರುವುದು ಕಾನೂನು. ಬ್ರೆಜಿಲಿನ ಸಾವೊ ಪಾಲೊ ನಗರ 2007ರಲ್ಲಿ ಹೊರಾಂಗಣ ಜಾಹೀರಾತನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿ, ಅಂಗಡಿಯ ಹೆಸರಿನ ಫಲಕಕ್ಕೂ ಅಳತೆ ಗೊತ್ತುಮಾಡಿತು. ಕರ್ನಾಟಕದಲ್ಲಿ ಗೋಡೆಬರಹಕ್ಕೆ ಕಡಿವಾಣ ಹಾಕಿದ್ದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿತ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡ ಮೇಲೆ ಕೆಲವೇ ದಿನಗಳಲ್ಲಿ ನಗರದ ಸಾವಿರಾರು ಫ್ಲೆಕ್ಸುಗಳು ಇಳಿದವು. 2022ರ ಜುಲೈ 1ರಿಂದ ದೇಶಾದ್ಯಂತ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ನಿಷೇಧ ಬಂತು. ಹೀಗೆ ಪೇಂಟರನನ್ನು ಹೊರದಬ್ಬಿದ ಉದ್ಯಮವೇ ಈಗ ಕಾನೂನಿನ ಅಂಚಿನಲ್ಲಿ ನಿಂತಿದೆ, ಅದರ ಖಾಲಿ ಜಾಗವನ್ನು ಡಿಜಿಟಲ್ ಪರದೆ ತುಂಬಲು ಹೊರಟಿದೆ. ಪ್ಲಾಸ್ಟಿಕ್ ಕಸ ತಪ್ಪುತ್ತದೆ ಎಂಬುದು ಪರದೆಯ ಪರವಾದ ವಾದ. ಅದು ಹಗಲು ರಾತ್ರಿ ವಿದ್ಯುತ್ ನುಂಗುತ್ತದೆ, ಕೆಟ್ಟಾಗ ಎಲೆಕ್ಟ್ರಾನಿಕ್ ತ್ಯಾಜ್ಯವಾಗುತ್ತದೆ ಎಂಬುದನ್ನು ಆ ವಾದ ಮಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಫಲಕದ ಭಾಷೆಯ ಕಾನೂನಿನದು ಇನ್ನೊಂದು ಬಗೆಯ ಪರಿಣಾಮ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ, ವಾಣಿಜ್ಯ ಫಲಕದ ಶೇ. 60 ಭಾಗ ಕನ್ನಡವಿರಬೇಕು, ಅದು ಫಲಕದ ಮೇಲಿನ ಅರ್ಧದಲ್ಲಿರಬೇಕು ಎಂದು ವಿಧಿಸಿತು. ಕನ್ನಡ ಅಕ್ಷರಗಳಿಗೆ ಹಠಾತ್ತನೆ ಬೇಡಿಕೆ ಹುಟ್ಟಿಸಿದ ಈ ನಿಯಮದ ಲಾಭ ಕುಂಚಕ್ಕಿಂತ ಹೆಚ್ಚಾಗಿ ಸ್ಟಿಕ್ಕರು ಮತ್ತು ಅಕ್ರಿಲಿಕ್‌ಗೆ ಹೋಯಿತು. ಇಂದಿನ ಬೋರ್ಡು ಕಸುಬಿನ ಸಂಪಾದನೆ ಇರುವುದೂ ಅಲ್ಲಿಯೇ: ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿಟ್ಟ ಎಸಿಪಿ ಹಲಗೆ, ಅದರ ಮೇಲೆ ಒಳಗಿನಿಂದ ಬೆಳಗುವ ಡಬ್ಬಿಯಂಥ 'ಚಾನೆಲ್' ಅಕ್ಷರಗಳು. ಅಂಥ ಅಕ್ಷರಗಳಿಗೆ ಬೆಲೆ ಸಾಮಾನ್ಯವಾಗಿ ಎತ್ತರದ ಇಂಚು ಮತ್ತು ತುಂಡುಗಳ ಲೆಕ್ಕದಲ್ಲಿ. ಮೈಗೆ ಅಂಟದ ಒತ್ತಕ್ಷರ ಬೇರೆಯೇ ಡಬ್ಬಿ, ಅದಕ್ಕೆ ಬೇರೆಯೇ ವೈರು. 2024ರ ಮೇ 13ರಂದು ಮುಂಬೈಯ ಘಾಟ್‌ಕೋಪರಿನಲ್ಲಿ ದೈತ್ಯ ಜಾಹೀರಾತು ಫಲಕ ಬಿರುಗಾಳಿಗೆ ಉರುಳಿ 17 ಜನ ಸತ್ತ ಮೇಲೆ, ಬೋರ್ಡು ನಿಲ್ಲಿಸುವುದೆಂದರೆ ಗಾಳಿಯ ಒತ್ತಡ, ಅಡಿಪಾಯ, ಬೋಲ್ಟುಗಳ ಲೆಕ್ಕ ಎಂಬುದು ಎಲ್ಲರಿಗೂ ಮನವರಿಕೆಯಾಗಿದೆ. ಬೆಸುಗೆ, ವೈರಿಂಗು, ಕಟ್ಟಡಕ್ಕೆ ಬಿಗಿಯುವ ಕೆಲಸ ಯಾವ ಪರದೆ ಬಂದರೂ ಉಳಿಯುತ್ತದೆ, ಆದ್ದರಿಂದ ಕಸುಬು ಸಾಯುತ್ತದೆ ಎಂಬ ಭಯ ಅತಿಯಾದದ್ದು. ಅದರೊಳಗಿಂದ ಅಕ್ಷರ ಬರೆಯುವವನು ಹೊರಬಿದ್ದಿದ್ದಾನೆ ಎಂಬುದಷ್ಟೇ ನಿಜ. ಅಂಗಡಿ ಹುಡುಕಲು ಜನ ತಲೆಯೆತ್ತಿ ನೋಡುವ ಬದಲು ಮೊಬೈಲಿನ ನಕ್ಷೆ ನೋಡುವ ಕಾಲದಲ್ಲಿ, ಮೇಲಿನ ಬೋರ್ಡಿಗಿಂತ ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಕೋಡ್ ಫಲಕವನ್ನೇ ಗ್ರಾಹಕ ಹೆಚ್ಚು ಹತ್ತಿರದಿಂದ ನೋಡುತ್ತಾನೆ ಎಂಬುದನ್ನೂ ಇದಕ್ಕೆ ಸೇರಿಸಬೇಕು.

ಕೈಬರಹಕ್ಕೆ ಮರಳುವ ಪ್ರಯತ್ನಗಳೂ ಇವೆ. ಅಮೆರಿಕದ ಪೇಂಟರುಗಳ ಬಗ್ಗೆ ಫೇತ್ ಲೆವಿನ್ ಮತ್ತು ಸ್ಯಾಮ್ ಮೇಕನ್ 2012ರಲ್ಲಿ ತಂದ 'ಸೈನ್ ಪೇಂಟರ್ಸ್' ಪುಸ್ತಕ ಅಲ್ಲಿ ಹೊಸ ಪೀಳಿಗೆಯನ್ನು ಕುಂಚದತ್ತ ಎಳೆಯಿತು. ಭಾರತದಲ್ಲಿ ಹನೀಫ್ ಕುರೇಶಿ ಬೀದಿಯ ಪೇಂಟರುಗಳ ಅಕ್ಷರಗಳನ್ನು ಬರೆಸಿ, ಬರೆದವರ ಹೆಸರಿನಲ್ಲೇ ಡಿಜಿಟಲ್ ಫಾಂಟುಗಳಾಗಿಸಿದ 'ಹ್ಯಾಂಡ್‌ಪೇಂಟೆಡ್‌ಟೈಪ್' ಯೋಜನೆ ನಡೆಸಿದ. ಬೆಂಗಳೂರಿನ ಕೆಲವು ಹೋಟೆಲು, ಕಾಫಿ ಅಂಗಡಿಗಳು ಹಳೆಯ ರೀತಿಯ ಬೋರ್ಡು ಬರೆಸುತ್ತಿರುವುದೂ ನಿಜ, ಆದರೆ ಆ ಕೆಲಸ ಕಲಾಶಾಲೆಯ ಪದವೀಧರರಿಗೆ ಸಿಗುವಷ್ಟು ಸುಲಭವಾಗಿ 'ಆರ್ಟ್ಸ್' ಅಂಗಡಿಯ ಮುದುಕನಿಗೆ ಸಿಗುತ್ತಿಲ್ಲ. ಫಾಂಟುಗಳ ಲೋಕದಲ್ಲಿ ಏಕ್ ಟೈಪ್ ಸಂಸ್ಥೆಯ 'ಬಾಲೂ ತಮ್ಮ'ದಂಥ ದಪ್ಪನೆಯ, ಬೋರ್ಡಿಗೆ ಒಪ್ಪುವ ಕನ್ನಡ ಫಾಂಟುಗಳು ಉಚಿತವಾಗಿ ದೊರೆಯುತ್ತಿರುವುದರಿಂದ ಅಕ್ರಿಲಿಕ್ ಬೋರ್ಡುಗಳ ಮುಖ ಒಂದಿಷ್ಟು ಸುಧಾರಿಸಿದೆ. ಹದಿನಾರು ಸಾಲಿನ ಚುಕ್ಕಿಗಳಿಗೆ ಮಾತ್ರ ಅವು ಉಪಯೋಗವಿಲ್ಲ; ಅಲ್ಲಿಗೆ ಬೇಕಾದದ್ದು ಚುಕ್ಕಿ ಚುಕ್ಕಿ ಎಣಿಸಿ, ಯಾವ ಸುಳಿ ಬಿಟ್ಟರೂ ಅಕ್ಷರ ಗುರುತು ಸಿಗುತ್ತದೆ, ಯಾವುದನ್ನು ಬಿಟ್ಟರೆ ಸಿಗುವುದಿಲ್ಲ ಎಂದು ಬಲ್ಲ ಒಬ್ಬನ ಕೈಯಲ್ಲಿ ಹುಟ್ಟಿದ ಅಕ್ಷರಮಾಲೆ, ಮತ್ತು ಆ ಬಗೆಯ ತಿಳಿವಳಿಕೆ ಇರುವುದು ಇಕ್ಕಟ್ಟಿನ ತಗಡಿನಲ್ಲಿ ವರ್ಷಗಟ್ಟಲೆ ಬರೆದವರಲ್ಲಿ.

ಅದು ಆಗುವವರೆಗೆ ಬೀದಿ ತನ್ನದೇ ಲೆಕ್ಕ ಕಂಡುಕೊಂಡಿದೆ. ಕನ್ನಡ ಸ್ಪಷ್ಟವಾಗಿ ಓಡಬೇಕಾದರೆ ಬಿಲ್ಲೆಗಳನ್ನು ಒಂದರ ಕೆಳಗೊಂದು ಎರಡು ಸಾಲು ಜೋಡಿಸಿ ಎತ್ತರವನ್ನು 32ಕ್ಕೆ ಏರಿಸಬೇಕು, ಅಂದರೆ ಆರು ಬಿಲ್ಲೆಯ ಬೋರ್ಡಿಗೆ ಹನ್ನೆರಡು ಬೇಕು. ಆ ಬೆಲೆ ಕೇಳಿದ ಅಂಗಡಿಯವರಲ್ಲಿ ಹಲವರು ಹೆಸರನ್ನು ಮೇಲೆ ಅಕ್ರಿಲಿಕ್‌ನಲ್ಲಿ ಕನ್ನಡದಲ್ಲಿ ನಿಲ್ಲಿಸಿ, ಕೆಳಗಿನ ಒಂದು ಸಾಲಿನ ಓಡುವ ಬೋರ್ಡಿಗೆ ದರಪಟ್ಟಿ, ರಿಯಾಯಿತಿ, ಹಬ್ಬದ ಶುಭಾಶಯಗಳನ್ನು ಇಂಗ್ಲಿಷಿನಲ್ಲೇ ತುಂಬಿಸುತ್ತಾರೆ. ದುಪ್ಪಟ್ಟು ಕೊಟ್ಟು ಎರಡು ಸಾಲು ಹಾಕಿಸಿದ ಅಂಗಡಿಯ ಮುಂದೆ ಮಾತ್ರ ಲಕ್ಷ್ಮಿಯ ಮ-ಒತ್ತು ಮೂವತ್ತೆರಡನೆಯ ಸಾಲಿನವರೆಗೆ ಪೂರ್ತಿ ಇಳಿದು, ದೀರ್ಘವನ್ನೂ ಬೆನ್ನಿಗೆ ಕಟ್ಟಿಕೊಂಡು, ಬಲದಿಂದ ಎಡಕ್ಕೆ ಹಾದುಹೋಗುತ್ತದೆ.